ಎಂಟನೇ ದಿನದ ವಿಮಾನ

ಆ ಶನಿವಾರ ಮಾಡಿದ ಕೆಲಸಗಳನ್ನು ಡೈರಿಯಲ್ಲಿ ಹೀಗೆ ಬರೆದಿಟ್ಟಿದ್ದೇನೆ. ನಾಲ್ಕೂವರೆಗೆ ಎದ್ದಿದ್ದು. ಒಲೆ ಹಚ್ಚಿ ಸ್ನಾನಕ್ಕೆ ನೀರು ಕಾಯಿಸಿದ್ದು. ಹಸುವಿನ ಹಾಲು ಕರೆದಿದ್ದು. ಹುರುಳಿಕಾಳು ಬೇಯಿಸಿ, ಕಟ್ಟು ಬಸಿದು ಬೇರೆ ಇಟ್ಟಿದ್ದು. ಸಂಜೆ ಬಂದು ಬಸ್ಸಾರಿಗೆ ಒಗ್ಗರಣೆ ಹಾಕಿದರೆ ಸಾಕು. ಪಕ್ಕದ ಕೋಣೆಯ ಮಂಚಕ್ಕೆ ಒಗೆದ ದುಪ್ಪಟಿ ಹಾಸಿದ್ದು. ಆ ಕೋಣೆಯ ಕಿಟಕಿ ತೋಟದ ಕಡೆಗಿದೆ, ಅದರ ಬಾಗಿಲು ಬಿಗಿದುಕೊಂಡಿತ್ತು, ಎಣ್ಣೆ ಬಿಟ್ಟು ಸಡಿಲ ಮಾಡಿದ್ದು. ದಾರಿಗೆ ಹತ್ತು ಇಡ್ಲಿ, ಚಟ್ನಿ, ಒಂದು ಫ್ಲಾಸ್ಕು ಕಾಫಿ. ಮನೆಯವರು ಲಿಂಗಪೂಜೆ ಮುಗಿಸುವಷ್ಟರಲ್ಲಿ ಬ್ಯಾಟರಿ ಹಿಡಿದುಕೊಂಡು ಮನೆ ಹಿಂದಿನ ತೋಟಕ್ಕೆ ಹೋಗಿ ಹೂವು ಬಿಟ್ಟಿದೆಯೋ ಇಲ್ಲವೋ ನೋಡಿ ಬಂದಿದ್ದು.

ಬಿಟ್ಟಿತ್ತು. ಬ್ಯಾಟರಿ ಬೆಳಕು ಬಿದ್ದಲ್ಲೆಲ್ಲ ಬೆಳ್ಳಗೆ. ನೋಡಿ ನನಗೆ ಖುಷಿಗಿಂತ ಹೆಚ್ಚಾಗಿ ಸುಸ್ತಾಯಿತು. ಅಲ್ಲೇ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ.

ಹುಬ್ಬಳ್ಳಿಯಲ್ಲಿರುವ ನನ್ನ ತಂಗಿಗೆ ಮೂಗಿನೊಳಗೆ, ಮೇಲುಗಡೆ, ಒಂದು ಗಂಟು ಬೆಳೆದಿತ್ತು. ಬಲಹೊಳ್ಳೆ ಆರು ತಿಂಗಳಿಂದ ಮುಚ್ಚಿಹೋಗಿತ್ತು. ಎಡಹೊಳ್ಳೆಯಲ್ಲಿ ಉಸಿರೂ ಆಡುತ್ತಿತ್ತು, ವಾಸನೆಯೂ ತಿಳಿಯುತ್ತಿತ್ತು. ಕೆಟ್ಟ ಗಂಟಲ್ಲ, ಆದರೆ ತೆಗೆಯಲೇಬೇಕು ಅಂದರಂತೆ ಡಾಕ್ಟರು. ತೆಗೆದ ಮೇಲೆ ವಾಸನೆ ತಿಳಿಯುವ ಶಕ್ತಿ ಉಳಿಯಬಹುದು, ಉಳಿಯದೆಯೂ ಇರಬಹುದು, ಖಂಡಿತ ಹೇಳಲಾರೆ ಎಂದೂ ಅಂದರಂತೆ. ಆಪರೇಷನ್ನಿಗೆ ಗುರುವಾರ ಗೊತ್ತು ಮಾಡಿ ಎರಡು ವಾರ ಮೊದಲೇ ತಿಳಿಸಿದ್ದರು. ಆ ದಿನವೇ ಅವಳು ಫೋನು ಮಾಡಿದಳು. ಆಪರೇಷನ್ ಮಾತು ಮುಗಿದ ಮೇಲೂ ಫೋನು ಇಡಲಿಲ್ಲ.

"ಅಕ್ಕ, ತೋಟ ಹೂ ಬಿಟ್ಟೈತಾ?"

"ಇನ್ನೂ ಹಣ್ಣು ಕುಯ್ಯೋದೇ ಮುಗಿದಿಲ್ಲ ಕಣೆ. ಹೂವೆಲ್ಲಿಂದ ಬರ್ಬೇಕು?"

"ಹೌದಲ್ಲ. ಒಂದ್ಸಲ ಮೂಸ್ಬುಟ್ಟು ಹೋಗಿ ಟೇಬಲ್ ಮೇಲೆ ಮಲಗ್ತಿದ್ದೆ."

ನಮ್ಮಪ್ಪ ಹಾನುಬಾಳಿನ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಸ್ಟೋರಿನ ಪಕ್ಕದ ಎರಡು ಕೋಣೆಯ ಮನೆಯಲ್ಲಿ ನಾವು ಬೆಳೆದದ್ದು. ಕಾಫಿ ಹೂವು ಬಿಟ್ಟ ದಿನ ಅಮ್ಮನಿಗೆ ಆ ಘಮಕ್ಕೆ ತಲೆನೋವು ಬರುತ್ತಿತ್ತು, ಸಂಜೆಯೇ ಕಿಟಕಿ ಮುಚ್ಚಿಬಿಡುವರು. ತಂಗಿ ಸದ್ದಾಗದಂತೆ ಎದ್ದು ತೆಗೆಯುವಳು. ಅಮ್ಮ ಮತ್ತೆ ಮುಚ್ಚುವರು. ಅವರಿಬ್ಬರ ಈ ಜಗಳ ವರ್ಷಕ್ಕೆ ಎರಡು ದಿನ, ಆಮೇಲೆ ಹೂವು ಕಂದು ಬಣ್ಣಕ್ಕೆ ತಿರುಗಿ ಜಗಳವೂ ಮುಗಿಯುತ್ತಿತ್ತು. ಈಗ ಅಪ್ಪ ಅಮ್ಮ ಇಬ್ಬರೂ ಇಲ್ಲ, ಆ ಮನೆಯಲ್ಲಿ ಬೇರೆ ರೈಟರ್ ಇದ್ದಾರೆ. ತವರು ಅಂತ ಅವಳಿಗೆ ಉಳಿದಿರುವುದು ಬೆಳಗೋಡಿನ ಹತ್ತಿರದ ನಮ್ಮ ಮನೆ, ನಮ್ಮ ಆರೆಕರೆ ರೊಬಸ್ಟಾ ತೋಟ.

ರಾತ್ರಿ ಊಟಕ್ಕೆ ಬಡಿಸುವಾಗ ಮನೆಯವರಿಗೆ ಹೇಳಿದೆ. ತಂಗಿ ಹೀಗಂದಳು, ನೀರು ಕೊಟ್ಟರೆ ಬಿಡುತ್ತದಲ್ಲ ಹೂವು, ಎಂದೆ.

ಕಾಫಿ ಗಿಡದ ಸಂಗತಿ ಗೊತ್ತಿಲ್ಲದವರಿಗೆ ಒಂದು ಮಾತು. ಹಣ್ಣು ಕುಯ್ದ ಮೇಲೆ ಗಿಡ ಬಿಸಿಲಿಗೆ ಬಾಡಿಕೊಂಡು, ಗೆಣ್ಣುಗಳಲ್ಲಿ ಮೊಗ್ಗು ಕಚ್ಚಿಕೊಂಡು ಸುಮ್ಮನೆ ಕಾಯುತ್ತಿರುತ್ತದೆ. ಮಳೆ ಬೀಳಬೇಕು, ಇಲ್ಲವೇ ನಾವು ಸ್ಪ್ರಿಂಕ್ಲರಿನಲ್ಲಿ ಮಳೆಯಂತೆ ನೀರು ಹಾರಿಸಬೇಕು. ನೀರು ಬಿದ್ದ ಎಂಟನೇ ದಿನ ಬೆಳಗಾಗುವಷ್ಟರಲ್ಲಿ ಇಡೀ ತೋಟ ಒಟ್ಟಿಗೆ ಅರಳುತ್ತದೆ. ಒಟ್ಟಿಗೆ ಅರಳಬೇಕು. ಒಂದು ಕಡೆ ಮೊದಲು ಒಂದು ಕಡೆ ಆಮೇಲೆ ಆದರೆ ಹಣ್ಣೂ ಹಾಗೆಯೇ ಬರುತ್ತದೆ, ಮುಂದಿನ ವರ್ಷ ಕುಯ್ಯುವುದು ಪಾಡು. ಅಲ್ಲದೆ ಹೂವಿನ ನೀರು ಕೊಟ್ಟ ಮೇಲೆ ಮೂರು ವಾರದೊಳಗೆ ಇನ್ನೊಂದು ನೀರು ಕೊಡದಿದ್ದರೆ ಕಾಯಿ ನಿಲ್ಲುವುದಿಲ್ಲ. ನಮ್ಮ ಕೆರೆಯಲ್ಲಿ ಎರಡೆರಡು ಸಲ ಬೇರೆ ಬೇರೆ ಕೊಡುವಷ್ಟು ನೀರಿಲ್ಲ.

ಅದಕ್ಕೇ ಅವರು ಕೈಯಲ್ಲಿದ್ದ ತುತ್ತು ಕೆಳಗಿಟ್ಟು ನನ್ನನ್ನು ನೋಡಿದರು.

"ಅರ್ಧ ತೋಟ ಹೂವು, ಅರ್ಧ ತೋಟ ಮೊಗ್ಗು ಮಾಡ್ಕೊಂಡು ಕೂತ್ಕೊಳ್ಳೋಕೆ ನಂಗೇನು ತಲೆ ಕೆಟ್ಟೈತಾ?"

"ನಾನೇನು ಕೊಡಿ ಅಂದ್ನಾ? ಅವಳು ಅಂದಿದ್ದು ಹೇಳಿದೆ."

"ನೀನು ಹೇಳೋದೇ ಹಂಗೆ. ಸಾರು ಹಾಕು."

ಮಾರನೆ ದಿನ ಮಧ್ಯಾಹ್ನ ನಾನು ಕಣದಲ್ಲಿ ಕಾಫಿ ಹಣ್ಣು ಕೈಯಾಡಿಸುತ್ತಿದ್ದಾಗ, ಮನೆಯ ಹಿಂದಿನಿಂದ ಪೈಪು ಎಳೆಯುವ ಸದ್ದು ಬಂತು. ಹೋಗಿ ನೋಡಿದರೆ ಇವರೊಬ್ಬರೇ ಪೈಪು ಜೋಡಿಸುತ್ತಿದ್ದಾರೆ. ಹಣ್ಣು ಕುಯ್ದು ಮುಗಿದಿದ್ದ ಮುಕ್ಕಾಲು ಎಕರೆ, ಕೊಟ್ಟಿಗೆಯಿಂದ ಹಲಸಿನ ಮರದವರೆಗೆ. ನನ್ನ ಕಡೆ ತಿರುಗದೆಯೇ ಕೇಳಿದರು:

"ವಿಮಾನ ಯಾವ್ಯಾವತ್ತು ಐತಂತೆ?"

ವಿಮಾನದ ಮಾತು ಬಂದದ್ದು ಅದೇ ಬೆಳಿಗ್ಗೆ, ಆಪರೇಷನ್ನಿಗೆ ಮೊದಲು ಒಮ್ಮೆ ಬಂದು ಹೋಗು ಎಂದು ನಾನು ತಂಗಿಗೆ ಫೋನು ಮಾಡಿದಾಗ. ಬಸ್ಸಿನಲ್ಲಿ ಧೂಳು, ಕುಲುಕಾಟ ಬೇಡ ಎಂದು ಡಾಕ್ಟರು ಹೇಳಿದ್ದರು. ಒಂದು ಸಲ ಗದಗಕ್ಕೆ ಹೋಗಿಬಂದು ಮೂಗಿನಿಂದ ರಕ್ತ ಬಂದಿತ್ತು. ರೈಲಿನಲ್ಲಿ ಅರಸೀಕೆರೆಗೆ ಬಂದುಬಿಡು, ನಾವು ಅಲ್ಲಿಂದ ಕರೆದುಕೊಂಡು ಬರುತ್ತೇವೆ ಎಂದರೆ ಬರುವ ವಾರ ಯಾವ ದಿನಕ್ಕೂ ಸೀಟು ಸಿಗಲಿಲ್ಲ. ಅವಳ ಗಂಡ ಕಾಲೇಜು ಮೇಷ್ಟ್ರು, ಪರೀಕ್ಷೆ ಡ್ಯೂಟಿ, ಬಿಟ್ಟು ಬರುವಂತಿಲ್ಲ. ಆಗ ಹುಬ್ಬಳ್ಳಿಯಿಂದ ಮಂಗಳೂರಿಗೆ ವಾರದಲ್ಲಿ ಕೆಲವು ದಿನ ಒಂದು ಚಿಕ್ಕ ವಿಮಾನ ಓಡಾಡುತ್ತಿತ್ತು. ತಂಗಿ ಫೋನಿನಲ್ಲಿ ನೋಡಿಕೊಂಡು ಓದಿ ಹೇಳಿದಳು: ಆಕಾಶದಲ್ಲಿ ಇನ್ನೂರೈವತ್ತು ಚಿಲ್ಲರೆ ಕಿಲೋಮೀಟರು, ಒಂದು ಗಂಟೆ.

"ಒಂದೇ ಗಂಟೆ ಅಕ್ಕ! ಕೂತು ಏಳೋವಷ್ಟರಲ್ಲಿ ಬಂದ್ಬುಡ್ತೀನಿ."

ಆ ಒಂದು ಗಂಟೆ ನಮ್ಮ ಮನೆಯಲ್ಲಿ ವಾರವಿಡೀ ಓಡಾಡಿತು. ತೋಟದ ಕೆಲಸಕ್ಕೆ ಬರುವ ಹೆಂಗಸು, ಆಲೂರು ಕಡೆಯವಳು, ನನಗಿಂತ ನಾಲ್ಕು ವರ್ಷ ದೊಡ್ಡವಳು, ಹಣ್ಣು ಹರವುತ್ತಲೇ ಕೇಳಿಸಿಕೊಂಡು ನಕ್ಕಳು. "ಒಂದು ಗಂಟೆ ಅಂದ್ರೆ ನಾನು ಆಲೂರು ಬಸ್ಸಿಗೆ ಕಾಯೋ ಹೊತ್ತು ಕಣಮ್ಮ. ನಾನು ಇಲ್ಲಿ ಸ್ಟಾಪ್‌ನಲ್ಲಿ ಎಲೆಅಡಿಕೆ ಹಾಕ್ಕಂಡು ಉಗಿಯೋವಷ್ಟರಲ್ಲಿ ಚಿಕ್ಕವ್ವಾರು ಮಂಗಳೂರಲ್ಲಿ ಇಳಿದಿರ್ತಾರೆ ಅನ್ನಿ."

ಮನೆಯವರಿಗೆ ಯಾವುದನ್ನೂ ಕೈಯಿಂದ ಅಳೆಯದೆ ನಂಬಿಕೆ ಬಾರದು. ಮಗಳು ಹೈಸ್ಕೂಲಿನಲ್ಲಿದ್ದಾಗಿನ ಅಟ್ಲಾಸು ಹುಡುಕಿ ತೆಗೆದರು. ನನ್ನ ಹೂ ಕಟ್ಟುವ ದಾರ ಇಸಿದುಕೊಂಡು ಹುಬ್ಬಳ್ಳಿಯಿಂದ ಮಂಗಳೂರಿಗೆ ಎಳೆದು ಹಿಡಿದರು. ದಾರ ನೆಟ್ಟಗೆ ದಕ್ಷಿಣಕ್ಕೆ ಇಳಿಯಿತು. ನಮ್ಮ ಸಕಲೇಶಪುರ ಅಲ್ಲಿಂದ ಒಂದು ಬೆರಳು ಬಲಕ್ಕೆ, ಹೆಚ್ಚುಕಡಿಮೆ ಮಂಗಳೂರಿನ ಸಮಕ್ಕೇ ಇತ್ತು.

"ನೋಡು, ನಮ್ಮ ತಲೆ ಮೇಲೆ ಬರೋದೇ ಇಲ್ಲ. ಕೆಳಗೆ ಹೋಗಿ, ಅಲ್ಲಿಂದ ಅಡ್ಡಡ್ಡ ಘಾಟಿ ಹತ್ತಿ ಬರ್ಬೇಕು. ಈ ಒಂದು ಬೆರಳಿಗೇ ನಾಲ್ಕು ಗಂಟೆ."

"ಆ ದಾರಕ್ಕೆ ಒಂದು ಗಂಟೆ, ಬೆರಳಿಗೆ ನಾಲ್ಕಾ?"

"ಶಿರಾಡಿ ಕಣೆ ಅದು."

ನಾನು ಡೈರಿಯ ಹಿಂದಿನ ಹಾಳೆಯಲ್ಲಿ ಕೂಡಿಸಿ ನೋಡಿದೆ. ಮನೆಯಿಂದ ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಅರ್ಧ ಗಂಟೆ. ಅಲ್ಲಿ ಎರಡು ಗಂಟೆ ಮೊದಲೇ ಹೋಗಿ ಕೂರಬೇಕಂತೆ. ಆಕಾಶದಲ್ಲಿ ಒಂದು ಗಂಟೆ. ಇಳಿದು ಪೆಟ್ಟಿಗೆ ತೆಗೆದುಕೊಂಡು ಹೊರಗೆ ಬರಲು ಅರ್ಧ. ಆಮೇಲೆ ನಾಲ್ಕು. ಬಸ್ಸಿನಲ್ಲಿ ಬಂದಿದ್ದರೂ ಅಷ್ಟೇ ಆಗುತ್ತಿತ್ತು. ಇದನ್ನು ಅವಳಿಗೆ ಹೇಳಲಿಲ್ಲ. ಒಂದು ಗಂಟೆ ಎನ್ನುವಾಗ ಅವಳ ಗಂಟಲಿನಲ್ಲಿ ಬಹಳ ದಿನಗಳ ಮೇಲೆ ಒಂದು ಉಮೇದು ಕೇಳಿಸಿತ್ತು.

ವಿಮಾನ ಶನಿವಾರಕ್ಕೆ ಹೊಂದಿತು. ಅಂದರೆ ಹಿಂದಿನ ಶನಿವಾರವೇ ನೀರು ಕೊಡಬೇಕು. ಅವಳು ಫೋನಿನಲ್ಲಿ ತಕರಾರು ತೆಗೆದಳು, "ಶನಿವಾರದಿಂದ ಶನಿವಾರಕ್ಕೆ ಏಳೇ ದಿನ ಆಯ್ತಲ್ಲ ಭಾವ?"

"ಎಂಟು ಕಣವ್ವ. ನೀರು ಕೊಟ್ಟ ದಿನಾನೂ ಸೇರ್ತದೆ. ಹುಬ್ಬಳ್ಳಿ ಲೆಕ್ಕ ನಮ್ಮ ಗಿಡಕ್ಕೆ ಗೊತ್ತಿಲ್ಲ."

ಶನಿವಾರ ಬೆಳಗಿನಿಂದ ಸಂಜೆವರೆಗೆ ನೀರು ಹಾರಿಸಿದೆವು. ನಾಲ್ಕು ಗಂಟೆಗೊಮ್ಮೆ ಸ್ಪ್ರಿಂಕ್ಲರಿನ ಜೆಟ್ ಕಿತ್ತು ಮುಂದಕ್ಕೆ ಇಡಬೇಕು. ಒಂದು ಕಡೆ ಇವರು ಪೈಪು ಹಿಡಿದರೆ ಇನ್ನೊಂದು ಕಡೆ ನಾನು. ಮೈಯೆಲ್ಲ ಒದ್ದೆ, ಕೆಸರು. ಆಮೇಲಿನ ಆರು ದಿನ ಇವರು ಬೆಳಿಗ್ಗೆ ಎದ್ದು ಮೊದಲು ಮೊಗ್ಗು ನೋಡುವುದು. ಮಂಗಳವಾರ ಮೋಡ ಕವಿದು ತಣ್ಣಗಾಯಿತು. ಚಳಿಗೆ ಮೊಗ್ಗು ನಿಧಾನ ಮಾಡಿಬಿಟ್ಟರೆ ಎಂದು ಇಬ್ಬರಿಗೂ ಊಟ ಸೇರಲಿಲ್ಲ. ಗುರುವಾರ ಮೊಗ್ಗು ಬೆಳ್ಳಗೆ ಉಬ್ಬಿಕೊಂಡ ಮೇಲೆ ಇವರು, "ಇನ್ನು ಅವಳು ಬರೋದೊಂದೇ ಬಾಕಿ," ಎಂದು ಎರಡು ರೊಟ್ಟಿ ಹೆಚ್ಚು ತಿಂದರು.

ಹೀಗೆ ಎಂಟನೇ ದಿನ ಐದೂಮುಕ್ಕಾಲಿಗೆ ನಾವಿಬ್ಬರೂ ಕಾರಿನಲ್ಲಿ ಹೊರಟೆವು. ಹಸು ಕರು ನೋಡಿಕೊಳ್ಳಲು ಆಲೂರಿನ ಹೆಂಗಸಿಗೆ ಹೇಳಿದ್ದೆ. ಸುಮ್ಮನೆ ಕೂತಿರುವುದು ಅವಳ ಜಾಯಮಾನವಲ್ಲ, ಏನಾದರೂ ಕೆಲಸ ಹೇಳಿ ಹೋಗಿ ಎಂದಳು. ಇವರು ಕಾರು ತಿರುಗಿಸುತ್ತಲೇ, "ಗೊಬ್ಬರದ ಗುಂಡಿ ಮಗುಚಿ ಹಾಕು, ತಿಂಗಳಿಂದ ಹಂಗೇ ಐತೆ," ಎಂದರು. ನಾನು ಇಡ್ಲಿ ಡಬ್ಬಿ ಸರಿ ಮಾಡಿಕೊಳ್ಳುತ್ತಿದ್ದೆ. ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಘಾಟಿಯಲ್ಲಿ ಇಳಿಯುವಾಗ ರಸ್ತೆ ಕೆಲಸ. ಒಂದೇ ಕಡೆ ಬಿಡುತ್ತಿದ್ದರು. ಗುಂಡ್ಯದಲ್ಲಿ ನಿಲ್ಲಿಸಿ ಇಡ್ಲಿ ತಿಂದೆವು. ಕೆಳಗಿಳಿದಂತೆ ಸೆಕೆ ಏರಿತು. ಬಜಪೆ ಗುಡ್ಡ ಹತ್ತಿ ವಿಮಾನ ನಿಲ್ದಾಣ ಮುಟ್ಟಿದಾಗ ಇನ್ನೂ ಒಂದು ಗಂಟೆ ಬಾಕಿಯಿತ್ತು. ಒಳಗೆ ಬಿಡುವುದಿಲ್ಲ, ಹೊರಗೆ ಕಂಬಿ ಹಿಡಿದುಕೊಂಡು ನಿಂತೆವು. ನಮ್ಮ ಹಾಗೆ ನಿಂತವರೆಲ್ಲ ದುಬೈಯಿಂದ ಬರುವವರಿಗೆ ಕಾಯುತ್ತಿದ್ದರು. ಒಬ್ಬಾಕೆ ನನ್ನನ್ನು ಎಲ್ಲಿಂದ ಬರುವವರಿಗೆ ಎಂದು ಕೇಳಿದಳು. ಹುಬ್ಬಳ್ಳಿ ಎಂದೆ. ಅಲ್ಲಿಂದಲೂ ವಿಮಾನವಾ ಎಂದು ಆಶ್ಚರ್ಯಪಟ್ಟಳು.

ಬೋರ್ಡಿನಲ್ಲಿ ಮುಕ್ಕಾಲು ಗಂಟೆ ತಡ ಎಂದು ಬಂತು.

"ಒಂದು ಗಂಟೆ ದಾರಿಗೆ ಮುಕ್ಕಾಲು ಗಂಟೆ ಲೇಟಂತೆ ಕಣೆ," ಎಂದು ಇವರು ಅಲ್ಲೇ ಕಟ್ಟೆಯ ಮೇಲೆ ಕೂತರು. ಅವರಿಗೆ ಮೊಣಕಾಲು ನೋವು. ನಾನು ಕಾಫಿ ಮುಟ್ಟದೆ ಅವಳಿಗೆಂದು ಇಟ್ಟುಕೊಂಡೆ.

ಅವಳು ಹೊರಗೆ ಬಂದಾಗ ನನಗೆ ಮೊದಲು ಕಂಡದ್ದು ಹಣೆಗೆ ಒತ್ತಿಹಿಡಿದಿದ್ದ ಕೈ. ಇನ್ನೊಂದು ಕೈಯಲ್ಲಿ ಪೆಟ್ಟಿಗೆ. ಮುಖ ಬೆಳ್ಳಗಾಗಿತ್ತು. ನಾನು ಹೋಗಿ ಹಿಡಿದುಕೊಂಡರೆ ಮಾತಾಡಿಸಬೇಡ ಎಂದು ತಲೆ ಅಲ್ಲಾಡಿಸಿದಳು. ಕರ್ಚೀಫಿನಲ್ಲಿ ಎರಡು ಹನಿ ರಕ್ತ. ಕಾರಿನಲ್ಲಿ ಕೂರಿಸಿದೆವು. ಕಾಲು ಗಂಟೆ ಆದ ಮೇಲೆ ಜೋರು ದನಿಯಲ್ಲಿ ಮಾತಾಡಿದಳು, ಕಿವಿ ಕಟ್ಟಿಕೊಂಡಿತ್ತು.

"ಹತ್ತೋವಾಗ ಏನಿಲ್ಲ ಅಕ್ಕ. ಮೇಲೆ ಹೋಗೋವಾಗ ಚೆನ್ನಾಗಿತ್ತು. ಕಿಟಕಿ ಪಕ್ಕ ಸೀಟು. ಕೆಳಗೆ ಮೊದಲು ಬರೀ ಬಿಳಿಚಿಕೊಂಡ ಹೊಲ, ಆಮೇಲೆ ಕಾಡು, ಆಮೇಲೆ ಸಮುದ್ರ. ಇಳಿಯೋಕೆ ಶುರುವಾಯ್ತು ನೋಡು, ಯಾರೋ ಹಣೆಗೆ ಮೊಳೆ ಹೊಡ್ದಂಗಾಯ್ತು. ಇಪ್ಪತ್ತು ನಿಮಿಷ. ಪಕ್ಕದಲ್ಲಿದ್ದೋರು ಚಾಕಲೇಟು ಕೊಟ್ರು, ಚೀಪಿದ್ರೂ ಹೋಗ್ಲಿಲ್ಲ."

"ಈಗ?"

"ನೋವು ಕಮ್ಮಿ. ಎಡಗಡೇನೂ ಕಟ್ಕೊಂಡ್ಬುಡ್ತು."

ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟೆ. ಲೋಟ ಮೂಗಿನ ಹತ್ತಿರ ಹಿಡಿದಳು. ಇನ್ನೂ ಹತ್ತಿರ ಹಿಡಿದಳು. ನನ್ನ ಮುಖ ನೋಡಿ, ಸುಮ್ಮನೆ ಕುಡಿದಳು.

"ಡಾಕ್ಟರು ವಿಮಾನಕ್ಕೆ ಹೂಂ ಅಂದಿದ್ರೇನೇ?"

"ಬಸ್ಸಿಗೆ ಬೇಡ ಅಂದಿದ್ರು." ಲೋಟದ ಒಳಗೆ ನೋಡುತ್ತಾ ಹೇಳಿದಳು. "ವಿಮಾನದ ಸುದ್ದಿ ನಾನು ಕೇಳಲೇ ಇಲ್ಲ. ಕೇಳಿದ್ರೆ ಬೇಡ ಅಂತಿದ್ರು."

ಇವರು ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು ಮುಂದಿನ ಗಾಜು ನೋಡುತ್ತಿದ್ದರು. ಬೈಯುತ್ತಾರೆ ಎಂದುಕೊಂಡೆ. "ನಾವಾದ್ರೂ ಕೇಳ್ಬೇಕಿತ್ತು," ಎಂದು ಕಾರು ಶುರು ಮಾಡಿದರು.

ನಿಜ. ನಾವು ನೀರು ಲೆಕ್ಕ ಹಾಕಿದ್ದೆವು, ದಿನ ಲೆಕ್ಕ ಹಾಕಿದ್ದೆವು, ಘಾಟಿಯನ್ನೂ ಲೆಕ್ಕ ಹಾಕಿದ್ದೆವು. ಯಾವ ಮೂಗಿಗಾಗಿ ಇದೆಲ್ಲವೋ ಆ ಮೂಗು ಆಕಾಶದಲ್ಲಿ ಏನಾಗುತ್ತದೆ ಎಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಹೂವಿಗೆ ಇದ್ದದ್ದು ಆ ದಿನ ಮತ್ತು ಮಾರನೆ ದಿನದ ಅರ್ಧ. ಅಷ್ಟರಲ್ಲಿ ಅವಳ ಎಡಹೊಳ್ಳೆ ಬಿಟ್ಟುಕೊಳ್ಳಬೇಕು.

ದಾರಿಯಲ್ಲಿ ಅವಳ ಗಂಡನಿಗೆ ಫೋನು ಮಾಡಿದಳು. ಅವರು ಡಾಕ್ಟರನ್ನು ಹಿಡಿದು ಕೇಳಿ ಮತ್ತೆ ಫೋನು ಮಾಡಿದರು. ಡಾಕ್ಟರು ಅವರಿಗೇ ಚೆನ್ನಾಗಿ ಬೈದಿದ್ದರು. ನೋವಿನ ಮಾತ್ರೆ, ಮೂಗಿಗೆ ಒಂದು ಡ್ರಾಪ್ಸು, ರಾತ್ರಿ ಬಿಸಿನೀರಿನ ಹಬೆ. ವಾಪಸು ವಿಮಾನ ಹತ್ತಕೂಡದು; ಸೋಮವಾರದ ರೈಲಿಗೆ ಸೀಟು ಮಾಡಿಸುತ್ತೇನೆ ಎಂದರು ಗಂಡ. ಉಪ್ಪಿನಂಗಡಿಯಲ್ಲಿ ನಿಲ್ಲಿಸಿ ಮಾತ್ರೆ, ಡ್ರಾಪ್ಸು ತೆಗೆದುಕೊಂಡೆವು. ಅಲ್ಲೇ ಹೋಟೆಲಿನಲ್ಲಿ ಅವಳು ಅರ್ಧ ದೋಸೆ ತಿಂದಳು.

ಘಾಟಿಯ ಮಧ್ಯೆ ಒಂದು ಲಾರಿ ಅಡ್ಡ ನಿಂತಿತ್ತು. ಹಿಂದೆ ಮುಂದೆ ಎಲ್ಲ ಕಡೆ ಗಾಡಿಗಳು. ಧೂಳು ಒಳಗೆ ಬರದಂತೆ ಗಾಜು ಏರಿಸಿಕೊಂಡು ಒಂದೂಕಾಲು ಗಂಟೆ ಕೂತೆವು. ಅವಳು ನನ್ನ ಹೆಗಲ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ್ದಳು. ನಿದ್ದೆ ಎಂದುಕೊಂಡರೆ ಆಗಾಗ ಎಡಹೊಳ್ಳೆಯಲ್ಲಿ ಉಸಿರೆಳೆದು ನೋಡುವುದು ಕೇಳುತ್ತಿತ್ತು. ಎಳೆದು, ಸುಮ್ಮನಾಗುವಳು. ಮತ್ತೆ ಎಳೆಯುವಳು. ನನ್ನ ತೋಳು ಜೋಮು ಹಿಡಿದಿತ್ತು, ಅಲುಗಾಡಿಸಲಿಲ್ಲ.

ಮನೆ ಮುಟ್ಟಿದಾಗ ಐದೂಮುಕ್ಕಾಲು. ಹೊರಟು ಸರಿಯಾಗಿ ಹನ್ನೆರಡು ಗಂಟೆ. ಆಲೂರಿನ ಹೆಂಗಸು ಅಂಗಳದಲ್ಲೇ ಕಾಯುತ್ತಿದ್ದಳು.

"ಬನ್ನಿ ಚಿಕ್ಕವ್ವ, ಒಳಗೆ ಆಮೇಲೆ ಹೋಗಿರಂತೆ, ಮೊದಲು ತೋಟ ನೋಡ್ಬುಡಿ! ಬೆಳಿಗ್ಗಿಂದ ಗಮ್ಮಂತ ನಂಗೆ ತಲೆ ತಿರುಗ್ತಾ ಐತೆ. ಜೇನೆಲ್ಲ ಇಲ್ಲೇ ಬಂದು ಕೂತ್ಬುಟ್ಟವೆ."

ತಂಗಿ ನಕ್ಕು ತಲೆಯಾಡಿಸಿದಳು. ಮುಖ ತೊಳೆದುಕೊಂಡು ಬರುತ್ತೇನೆ ಎಂದು ಬಚ್ಚಲಿಗೆ ಹೋದಳು. ಮೂಗು ಸೀನಿ ಸೀನಿ ನೋಡುವ ಸದ್ದು ಹೊರಗೆ ಕೇಳಿಸಿತು.

ಆಮೇಲೆ ನಾವು ಮೂವರೂ ಮನೆ ಹಿಂದೆ ಹೋದೆವು. ಬಿಸಿಲು ಹಲಸಿನ ಮರದ ಹಿಂದೆ ಇಳಿದಿತ್ತು. ಗಿಡಗಳ ಕೊಂಬೆಕೊಂಬೆಗೂ, ರೆಕ್ಕೆರೆಕ್ಕೆಗೂ ಬೆಳ್ಳಗೆ ಹೂವು ಕೂತಿತ್ತು. ಇವರ ಮುಖ ನೋಡಬೇಕಿತ್ತು, ಮಗಳ ಮದುವೆ ಚಪ್ಪರ ತೋರಿಸುವವರ ಹಾಗೆ ಮುಂದೆ ಮುಂದೆ ನಡೆಯುತ್ತಿದ್ದರು. ಕೊಟ್ಟಿಗೆ ದಾಟಿ ಮೊದಲ ಸಾಲಿನ ಹತ್ತಿರ ಹೋಗುವಷ್ಟರಲ್ಲಿ ನನಗೆ ಗಪ್ಪೆಂದು ಬಡಿಯಿತು. ಗೊಬ್ಬರದ ಗುಂಡಿ. ಬೆಳಗಿನಿಂದ ಮಗುಚಿ ಹಾಕಿ, ಅಡಿಯ ಗೊಬ್ಬರವೆಲ್ಲ ಮೇಲೆ ಬಂದು ಹಬೆಯಾಡುತ್ತಿತ್ತು. ತಿಂಗಳ ಸಗಣಿ, ಗಂಜಲ, ಹಣ್ಣಿನ ಸಿಪ್ಪೆ ಎಲ್ಲ ಕೊಳೆತ ನಾತ. ನಾನು ಸೆರಗು ಮೂಗಿಗೆ ಹಿಡಿದೆ. ಇವರೂ ನಿಂತುಬಿಟ್ಟರು. ತಾವೇ ಹೇಳಿದ ಕೆಲಸ ಆಗ ನೆನಪಾಗಿರಬೇಕು.

ತಂಗಿ ನಿಲ್ಲಲಿಲ್ಲ. ಗುಂಡಿಯ ಪಕ್ಕದಲ್ಲೇ ಇದ್ದ ಗಿಡದ ಹತ್ತಿರ ಹೋಗಿ, ಒಂದು ರೆಕ್ಕೆಯನ್ನು ಎರಡೂ ಕೈಯಲ್ಲಿ ಎಳೆದುಕೊಂಡು ಮುಖ ಹೂತಳು. ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದಳು. ಚಿಕ್ಕಂದಿನಲ್ಲಿ ಕೊಟ್ಟಿಗೆ ಗುಡಿಸು ಎಂದರೆ ಮೂಗು ಮುಚ್ಚಿಕೊಂಡು ಊರೆಲ್ಲ ಓಡುತ್ತಿದ್ದವಳು.

"ಬಂತು ಅಕ್ಕ," ಎಂದಳು. "ಗಮ್ಮಂತೈತೆ. ಹಂಗೇ ಐತೆ, ಸ್ಟೋರಿನ ಹಿಂದೆ ಇದ್ದಂಗೇ."

ಇವರು ನನ್ನನ್ನು ನೋಡಿದರು. ನಾನು ಇವರನ್ನು ನೋಡಲಿಲ್ಲ.

"ಭಾವ, ನಿಮ್ಮ ಎಂಟನೇ ದಿನ ಸುಳ್ಳಾಗಲಿಲ್ಲ ನೋಡಿ."

"ಹೂಂ ಕಣವ್ವ," ಎಂದರು. ಇನ್ನೇನೋ ಹೇಳಲು ಹೋಗಿ, ಜಗ್ಗಿದ್ದ ಒಂದು ರೆಕ್ಕೆ ಎತ್ತಿ ಕಟ್ಟುವವರ ಹಾಗೆ ಗಿಡದ ಒಳಗೆ ಬಗ್ಗಿದರು.

ನಾನು ಅವಳ ಸುಳ್ಳನ್ನು ಬಿಡಿಸಲು ಹೋಗಲಿಲ್ಲ. ಬಿಡಿಸಿ ಏನು ಮಾಡುವುದಿತ್ತು? ಅವಳು ನಮ್ಮ ದುಡಿಮೆ ನೋಡಿ ಹೇಳಿದಳು. ಅದನ್ನು ವಾಪಸು ಕೊಡುವ ಹಾಗಿರಲಿಲ್ಲ. "ಮಂಜು ಬೀಳ್ತದೆ, ಒಳಗೆ ನಡಿ," ಎಂದೆ. ಮನೆಯ ಕಡೆ ನಡೆಯುವಾಗ ಅವಳು ಹಿಂದಿರುಗಿ ಒಂದು ಸಲ ನೋಡಿದಳು. ಬಿಳಿ ಬಣ್ಣವನ್ನಾದರೂ ನೋಡಿಕೊಳ್ಳೋಣ ಎಂದಿರಬಹುದು.

ಆಲೂರಿನ ಹೆಂಗಸು ಹಾಲು ಕರೆದಿಟ್ಟು, ಅವಳ ಪಾಲಿನ ಹಾಲು ತೆಗೆದುಕೊಂಡು ಕೆಲಸದವರ ಲೈನುಮನೆಯ ಕಡೆ ಹೋದಳು. ತಂಗಿಯ ಮೂಗಿಗೆ ಡ್ರಾಪ್ಸು ಹಾಕಿದೆ. ಪಾತ್ರೆ ತುಂಬ ಕುದಿಯುವ ನೀರು ಕೋಣೆಗೆ ಒಯ್ದು ಕೊಟ್ಟೆ. ಅವಳು ಮಂಚದ ಮೇಲೆ ಕೂತು ತಲೆ ಮೇಲೆ ಕಂಬಳಿ ಹೊದ್ದು ಹಬೆ ತೆಗೆದುಕೊಳ್ಳತೊಡಗಿದಳು. ಹಬೆಗೆ ಗಾಳಿ ಬಡಿಯಬಾರದೆಂದು ಬೆಳಿಗ್ಗೆ ಎಣ್ಣೆ ಬಿಟ್ಟು ಸಡಿಲ ಮಾಡಿದ್ದ ಕಿಟಕಿಯನ್ನು ನಾನೇ ಮುಚ್ಚಿ ಚಿಲಕ ಹಾಕಿದೆ.

ಅಡಿಗೆಮನೆಯಲ್ಲಿ ಅಕ್ಕಿಹಿಟ್ಟು ಉಕ್ಕರಿಸಿ, ನಾದಿ, ರೊಟ್ಟಿ ತಟ್ಟಲು ಕೂತೆ. ಇವರು ನಡುಮನೆಯಲ್ಲಿ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಮೂರು ರೊಟ್ಟಿ ಬೇಯಿಸಿದೆ. ನಾಲ್ಕನೆಯದನ್ನು ಹಂಚಿಗೆ ಹಾಕಿ, ಬಸ್ಸಾರಿಗೆ ಒಗ್ಗರಣೆ ಹಾಕಲು ಎದ್ದೆ. ಬೆಳ್ಳುಳ್ಳಿ ಜಜ್ಜುತ್ತಾ ಯಾಕೋ ನಿಂತುಬಿಟ್ಟೆ. ನಾಳೆ ಬೆಳಿಗ್ಗೆ ಹೂವು ಇರುತ್ತದೆ, ಮಧ್ಯಾಹ್ನಕ್ಕೆ ಅಂಚು ಕಂದುತ್ತದೆ, ಸೋಮವಾರ ಇವಳನ್ನು ಅರಸೀಕೆರೆಗೆ ಬಿಡಬೇಕು. ಹಂಚು ನನ್ನ ಬೆನ್ನ ಹಿಂದಿತ್ತು.

"ಅಕ್ಕಾ! ರೊಟ್ಟಿ ಸೀದೋಗ್ತೈತೆ ಕಣೇ!"

ತಿರುಗಿ ನೋಡಿದರೆ ಹೌದು, ಅಂಚಿನಿಂದ ಹೊಗೆ ಬರುತ್ತಿದೆ. ಬರಿಗೈಯಲ್ಲೇ ಎಳೆದು ಹಾಕಿದೆ. ಆಮೇಲೆ ಅರ್ಥವಾಯಿತು, ಕೂಗಿದ್ದು ಕೋಣೆಯೊಳಗಿಂದ. ನಡುಮನೆಯಲ್ಲಿ ಇವರ ಕೈ ಮೊಣಕಾಲಿನ ಮೇಲೆಯೇ ನಿಂತಿತ್ತು. ನಾನು ಕೋಣೆಯ ಬಾಗಿಲಿಗೆ ಹೋದೆ.

"ಏನಂದೆ?"

ಅವಳು ಕಂಬಳಿಯಿಂದ ಮುಖ ಹೊರಗೆ ಹಾಕಿದ್ದಳು. ಮುಖವೆಲ್ಲ ಬೆವರು, ಮೂಗಿನ ತುದಿ ಕೆಂಪು. "ಸೀದೋಯ್ತು ಅಂದೆ. ಕಿವಿ ಕಟ್ಟಿರೋದು ನಂಗೋ ನಿಂಗೋ?" ಅಂದವಳು ಅಷ್ಟಕ್ಕೇ ನಿಂತಳು. ತಾನು ಏನು ಹೇಳಿದೆ ಎಂದು ಅವಳಿಗೂ ಆಗ ತಿಳಿಯಿತು.

ನಾನು ಹೋಗಿ ಚಿಲಕ ತೆಗೆದು ಕಿಟಕಿಯ ಎರಡೂ ಬಾಗಿಲು ತೆರೆದೆ. ಹೊರಗೆ ಕತ್ತಲಾಗಿತ್ತು. ತೋಟದ ಕಡೆಯಿಂದ ತಣ್ಣನೆ ಗಾಳಿ ಒಳಗೆ ಬಂತು. ಅವಳು ಮಂಚದಿಂದ ಇಳಿದು ಕಿಟಕಿಯ ಕಂಬಿ ಹಿಡಿದುಕೊಂಡಳು. ಒಂದು ಸಲ ಉಸಿರೆಳೆದಳು. ಮುಖ ಕಿವುಚಿಕೊಂಡು ನನ್ನ ಕಡೆ ತಿರುಗಿದಳು.

"ಇವತ್ತು ಗೊಬ್ಬರದ ಗುಂಡಿ ಮಗುಚಿದ್ರಾ?"

"ಹೂಂ ಕಣೆ."

"ಥೂ. ನಾನು ಅದರ ಪಕ್ಕದಲ್ಲೇ ನಿಂತಿದ್ನಾ?"

"ಒಂದು ಮಾರು ದೂರ."

ನಡುಮನೆಯಿಂದ ಇವರ ದನಿ ಬಂತು. "ಗಮ್ಮಂತೈತೆ ಅಂದ್ಯಲ್ಲವ್ವ! ಸ್ಟೋರಿನ ಹಿಂದೆ ಇದ್ದಂಗೇ ಐತೆ ಅಂದೆ!"

ಅವಳು ಕಂಬಿಗೆ ಹಣೆಯಿಟ್ಟು ನಕ್ಕಳು. ನಗುವಾಗ ಹಣೆ ನೋವಾಗಿ, ಅಯ್ಯೋ ಅಯ್ಯೋ ಎನ್ನುತ್ತಲೇ ನಕ್ಕಳು. ಕಣ್ಣು ಒರೆಸಿಕೊಂಡು ಮತ್ತೆ ಹೊರಗೆ ಮುಖ ಮಾಡಿ ನಿಂತಳು. ಮತ್ತೆ ಮತ್ತೆ ಉಸಿರೆಳೆದು ನೋಡಿದಳು. ನಾನು ಹಬೆಯ ಪಾತ್ರೆ ಎತ್ತಿಕೊಂಡು ಬಾಗಿಲು ದಾಟುವಾಗ, ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ:

"ಅದರ ಹಿಂದೆ ಹೂವೂ ಐತೆ ಅಕ್ಕ. ಈಗ ಬಂತು."

ಊಟಕ್ಕೆ ಅಕ್ಕಿರೊಟ್ಟಿ, ಹುರುಳಿಕಾಳಿನ ಬಸ್ಸಾರು, ಕಾಳಿನ ಪಲ್ಯ, ಮಜ್ಜಿಗೆ. ಸೀದ ರೊಟ್ಟಿಯನ್ನು ನಾನು ಹಸುವಿಗೆಂದು ತೆಗೆದಿಟ್ಟಿದ್ದೆ. ಅವಳು ಅದನ್ನೇ ಕೇಳಿ ಹಾಕಿಸಿಕೊಂಡು, ಕರಿ ಭಾಗವನ್ನು ಮೊದಲು ಮೂಸಿ ಆಮೇಲೆ ಮುರಿದು ಪೂರ್ತಿ ತಿಂದಳು. ಮೊದಲು ಮಲಗಿದ್ದು ಮನೆಯವರು, ಮೊಣಕಾಲಿನ ಎಣ್ಣೆಯನ್ನೂ ಒರೆಸಿಕೊಳ್ಳದೆ. ಆಮೇಲೆ ನಾನು. ಅವಳ ಕೋಣೆಯ ಕಿಟಕಿ ಆಗಲೂ ತೆರೆದೇ ಇತ್ತು.